ಹಲ್ಲಿನಲ್ಲಿ ಕಚ್ಚಿದ ಸೀಸ

ಉದ್ಯಾವರ
ಜುಲೈ ೧೦, ೨೦೨೪

ಮಗ ಉಜ್ವಲನಿಗೆ ಅಮ್ಮನ ಆಶೀರ್ವಾದ.

ಹೇಗಿದ್ದೀ ಮಗಾ? ಮಸ್ಕತ್ತಿನ ಸೆಕೆಗೆ ಎದ್ದ ಬೆವರುಸಾಲೆ ಕಡಿಮೆಯಾಯಿತಾ? ಹೊತ್ತಿಗೆ ಸರಿಯಾಗಿ ಉಣ್ಣು, ಬರೇ ಕುಬ್ಬೂಸ್ ರೊಟ್ಟಿ ತಿಂದು ಮಲಗಬೇಡ. ಫೋನ್ ಇರುವಾಗ ಕಾಗದ ಎಂತಕ್ಕೆ ಎಂದು ನಗಬೇಡ ಮಾರಾಯ. ಫೋನಿನಲ್ಲಿ ಮಾತಾಡುವಾಗ ನಿನ್ನ ಹೆಂಡತಿ ಇಲ್ಲಿ ನನ್ನ ಪಕ್ಕದಲ್ಲೇ ಇರುತ್ತಾಳೆ, ಅವಳೆದುರು ಇದನ್ನೆಲ್ಲ ಹೇಳಲು ಆಗುವುದಿಲ್ಲ. ನೆರೆಮನೆಯ ವಿಲ್ಫ್ರೆಡ್ ರಜೆ ಮುಗಿಸಿ ಇವತ್ತು ಅಲ್ಲಿಗೇ ಹೊರಟಿದ್ದಾನೆ, ಹಪ್ಪಳದೊಟ್ಟಿಗೆ ಇದನ್ನೂ ಕೊಡುತ್ತೇನೆ.

ನಿನ್ನ ಭವ್ಯಶ್ರೀಗೆ ಬಸಿರು ಐದು ತಿಂಗಳು ತುಂಬಿತು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲವಲ್ಲ, ನಿನ್ನ ಅಪ್ಪ ಹೊಳೆಮೀನಿಗೆಂದು ಹೊಸ ಬೀಸುಬಲೆ ಮಾಡಲು ಕೂತರು. ಹಳೇ ಬ್ಯಾಟರಿಯ ಸೀಸ ತಂದು ಹಿಂಬದಿಯ ಒಲೆಯಲ್ಲಿ ಕರಗಿಸಿ, ಬಲೆ ಮುಳುಗಲು ಭಾರದ ಮಣಿ ಎರೆದರು. ಹೊಗೆ ಒಳಗೆ ಬರುತ್ತದೆ ಎಂದರೆ ಕೇಳುವ ಜನವಾ ಅವರು? ಬಲೆಯ ಅಂಚಿಗೆ ಮಣಿ ಕಟ್ಟುವುದು ನಮ್ಮಲ್ಲಿ ಹೆಂಗಸರ ಕೆಲಸ. ನಿನಗೆ ಗೊತ್ತುಂಟಲ್ಲ, ಸೀಳು ಬಿಟ್ಟ ಮಣಿಯನ್ನು ಹಗ್ಗಕ್ಕೆ ಸಿಕ್ಕಿಸಿ ಹಲ್ಲಿನಲ್ಲಿ ಕಚ್ಚಿ ಅಮುಕುವುದು. ಸುಮ್ಮನಿದ್ದರೆ ಬೇಸರವೆಂದು ಅವಳೂ ಕೂತಳು, ತುಂಬ ದಿನ.

ಮೊನ್ನೆ ಹೊಟ್ಟೆನೋವೆಂದಳು, ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ರಕ್ತ ಕಡಿಮೆ ಉಂಟು ಎಂದರು. ಮನೆಯಲ್ಲಿ ಎಂತ ಕೆಲಸ ಮಾಡುತ್ತೀ ಎಂದು ಡಾಕ್ಟರಮ್ಮ ಕೇಳಿದಾಗ ಇವಳು ನಗುತ್ತಾ ಬಲೆಯ ಸಂಗತಿ ಹೇಳಿದಳು. ಅವರು ಬರೆಯುವುದನ್ನು ನಿಲ್ಲಿಸಿದರು. ಸೀಸ ತಾಯಿಯ ರಕ್ತದಿಂದ ಮಗುವಿಗೂ ಹೋಗುತ್ತದಂತೆ, ಮಿದುಳು ಬೆಳೆಯಲು ತೊಂದರೆಯಾಗಬಹುದಂತೆ. "ಆಗಿಯೇ ಆಗುತ್ತದೆಂದು ಅಲ್ಲ, ರಕ್ತದ ರಿಪೋರ್ಟ್ ಬರಲಿ" ಎಂದರು. ಸೋಮವಾರ ಬರುತ್ತದೆ.

ನನಗೆ ತುಂಬ ಹೆದರಿಕೆಯಾಗುತ್ತದೆ ಮಗಾ. "ನಮ್ಮ ಅಜ್ಜಿಯಂದಿರೆಲ್ಲ ಕಚ್ಚಿದವರೇ, ಎಂತ ಆಗಿದೆ?" ಎಂದು ನಿನ್ನ ಅಪ್ಪ ಮೊದಲು ಜೋರು ಮಾಡಿದರು. ಈಗ ಒಲೆ ಒಡೆದು ಹಾಕಿ ಜಗಲಿಯಲ್ಲಿ ಕೂತಿದ್ದಾರೆ. ಅವಳು ಮತ್ತೆ ಮತ್ತೆ ಬಾಯಿ ಮುಕ್ಕಳಿಸುತ್ತಾಳೆ. ನಮ್ಮ ಕಡಲ ದೈವ ಬೊಬ್ಬರ್ಯನಿಗೆ ಹರಕೆ ಹೇಳಿದ್ದೇನೆ. ಆ ದೈವವೇ ನಿನ್ನನ್ನೂ ಕಾಯಲಿ. ಜಾಗ್ರತೆಯಲ್ಲಿರು.

ನಿನ್ನ ಅಮ್ಮ,
ಕುಶಲಾ

ಮರೆತೆ. ವಿಲ್ಫ್ರೆಡ್ ಹಾರ್ನ್ ಹಾಕುತ್ತಿದ್ದಾನೆ. ನಿನ್ನೆ ತಲೆ ಬಾಚುವಾಗ ಭವ್ಯ ಕೇಳಿದಳು, "ಮಗು ಸರಿ ಇಲ್ಲದಿದ್ದರೆ ಅವರು ನನ್ನನ್ನು ಬಿಡುತ್ತಾರಾ ಅತ್ತೆ?" ನನ್ನ ಮಗ ಹಾಗಲ್ಲ ಎಂದೆ. ಹೇಳುವಾಗ ನನಗೇ ಪೂರಾ ಧೈರ್ಯ ಇರಲಿಲ್ಲ. ಸೋಮವಾರಕ್ಕೆ ಮೊದಲೇ ಫೋನ್ ಮಾಡಿ, ಎಂತ ಆದರೂ ಬಿಡುವುದಿಲ್ಲ ಎಂದು ನೀನೇ ಅವಳಿಗೆ ಹೇಳು. ರಿಪೋರ್ಟ್ ಬಂದ ಮೇಲೆ ಹೇಳಿದರೆ ಅವಳು ನಂಬುವುದಿಲ್ಲ.