ಸುಯ್ ಎನ್ನದ ಮಿಕ್ಸರ್

ಹಮಾಮಾತ್ಸು
ಮೇ ೧೧

ಪ್ರೀತಿಯ ಚಿಗುಸ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ತಡಮಾಡಿದ್ದಕ್ಕೆ ಬೈಯುವುದಾದರೆ ಬೈ, ಆದರೆ ಕಾರಣ ಓದಿಕೊಂಡು ಬೈ. ನಿನ್ನ ಕೆಲಸಕ್ಕಾಗಿ ಅಂಗಡಿಗೆ ಮೂರು ಸಲ ನಡೆದೆ. ಇಲ್ಲಿ ಮೇ ಬಂದರೂ ಗಾಳಿ ನಿಂತಿಲ್ಲ. ಒಣಗಲು ಹಾಕಿದ್ದ ಹಾಸಿಗೆ ಹಾರಿ ಪಕ್ಕದ ಸುಗಿಯುರ ಮನೆಯ ಮೂಲಂಗಿ ಮಡಿಯಲ್ಲಿ ಮಲಗಿತ್ತು. ಅದನ್ನು ತಂದುಕೊಟ್ಟವಳು ಅರ್ಧ ಗಂಟೆ ಉಪದೇಶವನ್ನೂ ಕೊಟ್ಟು ಹೋದಳು. ನನ್ನ ಮಂಡಿ ಮೊದಲಿನಂತೆಯೇ ಇದೆ, ಅಂದರೆ ಕೆಟ್ಟದಾಗಿಯೇ ಇದೆ.

ಇನ್ನು ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಇಪ್ಪತ್ತೈದಕ್ಕೆ ಕೋಎಂಜಿಯಲ್ಲಿ ನೀನು ಮೊದಲ ಸಲ ಒಬ್ಬಳೇ ವೇದಿಕೆ ಹತ್ತುತ್ತೀಯ. ನಾಲ್ಕು ಸಿಂಥಸೈಜರ್‌ಗಳ ಸದ್ದನ್ನು ಒಂದೆಡೆ ಸೇರಿಸಿ, ಹದಮಾಡಿ ಹೊರಗೆ ಕಳಿಸಲು ನಿನಗೊಂದು ಮಿಕ್ಸರ್ ಬೇಕು. ಅದೂ ಬೆನ್ನಿಗೆ ಹಾಕಿಕೊಂಡು ರೈಲು ಹತ್ತುವಷ್ಟು ಸಣ್ಣದು. "ಅಂತರ್ಜಾಲದಲ್ಲಿ ನೂರು ಜನ ನೂರು ಥರ ಹೇಳ್ತಾರೆ. ನಿನ್ನ ಕಿವಿ ಒಪ್ಪಿದ್ದನ್ನೇ ತಗೊಳ್ತೀನಿ ಅಜ್ಜಿ" ಎಂದು ಬರೆದಿದ್ದೀಯ. ಇಪ್ಪತ್ತೇಳು ವರ್ಷ ಕಾರ್ಖಾನೆಯಲ್ಲಿ ಇಂಥವೇ ಪೆಟ್ಟಿಗೆಗಳ ಸದ್ದು ಪರೀಕ್ಷಿಸಿದವಳು ನಾನು. ಹಳ್ಳಿ ಶಾಲೆ ಅರ್ಧಕ್ಕೆ ಬಿಟ್ಟವಳ ಮುಂದೆ ದೊಡ್ಡ ಕಾಲೇಜಿನ ಎಂಜಿನಿಯರುಗಳು ಬಂದು, "ಮಿತ್ಸುಯೆಯವರೇ, ಒಂಚೂರು ಕೇಳಿ ಹೇಳ್ತೀರಾ" ಎಂದು ಕಾದು ನಿಲ್ಲುತ್ತಿದ್ದರು. ನಾನು ಬೇಡ ಅಂದ ಪೆಟ್ಟಿಗೆ ಬಾಗಿಲು ದಾಟುತ್ತಿರಲಿಲ್ಲ. ಹೊಸ ವರ್ಷಕ್ಕೆ ಬಂದಾಗ ನೀನು ನುಡಿಸಿದ ಆ ಗಂಟೆಗಳ ರಾಗವನ್ನೂ ಹಾಗೇ ಬೇಡ ಅಂದೆ. ಅದನ್ನು ಕಾರ್ಯಕ್ರಮದಿಂದ ತೆಗೆದುಬಿಟ್ಟೆ ಎಂದು ಬರೆದಿದ್ದೀಯ. ಓದಿದೆ.

ನಿಲ್ದಾಣದ ಹಿಂದೆ ಹಿರಾಮಾತ್ಸುವಿನ ಹಳೇ ವಾದ್ಯಗಳ ಅಂಗಡಿ ಇದೆಯಲ್ಲ, ಅಲ್ಲಿಗೆ ಹೋಗಿದ್ದೆ. ಕಾರ್ಖಾನೆಯಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು ಅವನು. ತಲೆ ಬೋಳಾಗಿದೆ, ಬಾಯಿ ಮಾತ್ರ ಆಗಿನದೇ.

"ಮೊಮ್ಮಗಳಿಗೋ? ಇದನ್ನ ತಗೊಳ್ಳಿ ಅಕ್ಕ, ಊಟದ ಡಬ್ಬಿಯಷ್ಟಿದೆ" ಎಂದು ಕಪ್ಪು ಬಣ್ಣದ ಹೊಸದೊಂದನ್ನು ಮುಂದಿಟ್ಟ.

"ಗುಂಡಿಗಳು ಇಷ್ಟು ಒತ್ತೊತ್ತಾಗಿದ್ರೆ ಒಂದನ್ನ ತಿರುಗಿಸೋಕೆ ಹೋಗಿ ಎರಡು ತಿರುಗುತ್ತೆ. ಅವಳದು ಅವಳ ತಾತನ ಬೆರಳು, ಒಂದೊಂದೂ ಒಂದೊಂದು ಮೂಲಂಗಿ."

"ಸದ್ಯ, ಬೆರಳು ತಾತಂದು. ನಾಲಿಗೆ ನಿಮ್ಮದು ಬಂದಿದ್ರೆ ಏನು ಗತಿ?"

"ಅದೂ ಬಂದಿದೆ. ನಿನ್ನ ಅಂಗಡಿಗೆ ಒಂದ್ಸಲ ಕಳಿಸ್ತೀನಿ, ತಾಳು."

ಎರಡನೆಯದು ಬೂದು ಬಣ್ಣದ್ದು. ಹಳೆಯದು, ಅಗಲ ನಾಲ್ಕು ಬೆರಳು ಹೆಚ್ಚು. ಇದರಲ್ಲಿ ಸದ್ದು ಏರಿಸಿ ಇಳಿಸಲು ಗುಂಡಿಯ ಬದಲು ಜಾರಿಸುವ ಪಟ್ಟಿಗಳಿವೆ. ಯಾವುದು ಎಷ್ಟಿದೆಯೆಂದು ಒಂದೇ ನೋಟಕ್ಕೆ ಕಾಣುತ್ತದೆ. ನಿನ್ನ ಎರಡು ಯಂತ್ರಗಳಿಗೆ ಎಡಕ್ಕೊಂದು ಬಲಕ್ಕೊಂದು ತಂತಿ, ಉಳಿದೆರಡಕ್ಕೆ ಒಂದೊಂದೇ. ಒಟ್ಟು ಆರಾಯಿತು. ಇದರಲ್ಲಿ ಎಂಟು ತೂತುಗಳಿವೆ. ನಿನ್ನ ಪ್ರತಿಧ್ವನಿ ಪೆಟ್ಟಿಗೆಗೆ ಸದ್ದು ಹೋಗಿಬರಲು ಬೇರೆ ದಾರಿಯೇ ಇದೆ. ಬಲಗಡೆ ಸದ್ದಿನ ಮಟ್ಟ ತೋರಿಸುವ ಪುಟ್ಟ ದೀಪಗಳ ಸಾಲು, ಕೆಳಗೆ ಹಸಿರು, ನಡುವೆ ಹಳದಿ, ತುದಿಯಲ್ಲಿ ಕೆಂಪು. ಕೆಂಪು ಹತ್ತಿತೆಂದರೆ ಸದ್ದು ಮಿತಿ ಮೀರಿ ಒಡೆಯುತ್ತಿದೆ ಎಂದರ್ಥ.

ಆದರೆ ಇವೆಲ್ಲ ಕಣ್ಣಿಗೆ ಕಾಣುವ ಗುಣ. ನಿಜವಾದ ಪರೀಕ್ಷೆ ಬೇರೆ. ಏನನ್ನೂ ನುಡಿಸದೆ ಎಲ್ಲವನ್ನೂ ಪೂರ್ತಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡು ಬರೀ ಮೌನವನ್ನು ಕೇಳಬೇಕು. ಕೆಟ್ಟ ಪೆಟ್ಟಿಗೆಯಾದರೆ ಸುಯ್ ಎನ್ನುತ್ತದೆ. ನೀನು ಮೆಲ್ಲಗೆ ನುಡಿಸುವ ಕಡೆಯಲ್ಲೆಲ್ಲ ಆ ಸುಯ್ ಬಂದು ಕೂರುತ್ತದೆ. ಮೊದಲು ಕಪ್ಪು ಪೆಟ್ಟಿಗೆಯನ್ನು ಕೇಳಿದೆ.

"ಇದು ಚೊಕ್ಕವಾಗಿದೆ" ಅಂದೆ.

ಹಿರಾಮಾತ್ಸು ಹೆಡ್‌ಫೋನ್ ಹಾಕಿಕೊಂಡವನು ಕೂಡಲೇ ಕಿತ್ತ. "ಅಕ್ಕ, ತಮಾಷೆನಾ? ಕೆಟಲ್ ಕುದಿಯೋ ಹಂಗೆ ಸುಯ್ಯಂತಿದೆ!"

"ನಿನ್ನ ಪರೀಕ್ಷೆ ಮಾಡ್ದೆ ಕಣೋ. ಕಲಿಸಿದ್ದು ತಲೇಲಿ ಉಳಿದಿದೆಯೋ, ಕೂದಲ ಜೊತೆ ಉದುರಿ ಹೋಯ್ತೋ ಅಂತ."

ಅವನು ನಕ್ಕ, ನಾನೂ ನಕ್ಕೆ. ಬೂದು ಪೆಟ್ಟಿಗೆಯನ್ನು ಅವನೇ ಮೊದಲು ಕೇಳಲಿ ಎಂದೆ. "ಒಂದೆಳೆ ಸದ್ದಿಲ್ಲ ಅಕ್ಕ" ಅಂದ. ಅದನ್ನೇ ಕಳಿಸುತ್ತಿದ್ದೇನೆ. ಬೆಲೆ ಕೇಳಬೇಡ.

ಈಗ ನಾನು ಹೇಳುವುದನ್ನು ಬರೆದಿಟ್ಟುಕೋ. ಮೊದಲು ಯಂತ್ರಗಳು, ಆಮೇಲೆ ಮಿಕ್ಸರ್, ಕೊನೆಯಲ್ಲಿ ಸ್ಪೀಕರ್ ಹಾಕಬೇಕು. ಆರಿಸುವಾಗ ಸ್ಪೀಕರ್ ಮೊದಲು. ಹಿಂದುಮುಂದಾದರೆ ಢಬ್ ಎಂದು ಬಡಿಯುತ್ತದೆ, ಮುಂದೆ ಕೂತವರ ಎದೆ ಒಡೆಯುತ್ತದೆ. ಯಾವ ಪಟ್ಟಿ ಎಲ್ಲಿ ನಿಲ್ಲಬೇಕೋ ಅಲ್ಲಿ ಉಗುರುಬಣ್ಣದಿಂದ ಒಂದೊಂದು ಚುಕ್ಕೆ ಇಡು. ಕತ್ತಲಲ್ಲಿ ಬೆರಳಿಗೆ ಸಿಗುತ್ತದೆ. ಕರೆಂಟಿನ ತಂತಿಯನ್ನು ಮೇಜಿನ ಕಾಲಿಗೆ ಕಟ್ಟು. ಮೇಜಿನ ಮೇಲೆ ಕುಡಿಯುವುದನ್ನು ಏನೂ ಇಡಬೇಡ, ನೀರನ್ನೂ.

ಪೆಟ್ಟಿಗೆಯನ್ನು ನಿನ್ನ ತಾತನ ಸ್ನಾನದ ಟವೆಲಿನಲ್ಲಿ ಸುತ್ತಿದ್ದೇನೆ. ಜೊತೆಗೆ ಈ ವರ್ಷದ ಹೊಸ ಚಹಾ, ಸೋಯಾದಲ್ಲಿ ಬತ್ತಿಸಿದ ಚಿಪ್ಪುಮೀನು ಇದೆ. ಅನ್ನ ಮಾಡಿಕೊಂಡು ತಿನ್ನು, ಅಂಗಡಿಯ ಬ್ರೆಡ್ಡಿನ ಜೊತೆ ತಿಂದು ಅದರ ಮಾನ ಕಳೆಯಬೇಡ.

ನಿನ್ನ ಬೆನ್ನು ನೆಟ್ಟಗಿರಲಿ, ಬೆರಳು ಬೆಚ್ಚಗಿರಲಿ. ಕೇಳಲು ಬಂದವರು ಎದ್ದು ಹೋಗದಿರಲಿ.

ನಿನ್ನ ಅಜ್ಜಿ,
ಮಿತ್ಸುಯೆ

ತಾ.ಕ.: ನಾನು ಹಿರಾಮಾತ್ಸುವನ್ನು ಪರೀಕ್ಷೆ ಮಾಡಲಿಲ್ಲ. ಕಪ್ಪು ಪೆಟ್ಟಿಗೆಯ ಸುಯ್ ನನಗೆ ಕೇಳಿಸಲೇ ಇಲ್ಲ. ಎರಡನೇ ಸಲ, ಮೂರನೇ ಸಲ ಹೋದದ್ದು ಅದನ್ನೇ ಮತ್ತೆ ಕೇಳಲು. ಆಗಲೂ ಕೇಳಿಸಲಿಲ್ಲ. ಮನೆಗೆ ಬಂದು ತಾತನ ಫೋಟೋದ ಮುಂದಿನ ಗಂಟೆ ಬಾರಿಸಿದೆ. ಠಣ್ ಎಂದದ್ದಷ್ಟೇ ಸಿಕ್ಕಿತು, ಆಮೇಲೆ ಗಾಳಿಯಲ್ಲಿ ಉಳಿಯುವ ಸದ್ದಿನ ಎಳೆ ಕೇಳಿಸಲಿಲ್ಲ.

ಹೊಸ ವರ್ಷದಲ್ಲಿ ನಾನು, "ಗಂಟೆ ಎಲ್ಲಿದೆಯೇ? ಬರೀ ಕಂಬಳಿ ಕೊಡವಿದ ಹಂಗಿದೆ" ಅಂದೆ. ನೀನು "ಇದೆ ಅಜ್ಜಿ, ತುಂಬಾ ಮೇಲಿನ ಸ್ವರದಲ್ಲಿದೆ" ಅಂದೆ. ನಾನು "ನಂಗೆ ಹೇಳ್ಕೊಡೋಕೆ ಬರಬೇಡ" ಅಂದೆ. ನೀನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತದ್ದು ನನಗೆ ಗೊತ್ತು. ಗಂಟೆಗಳು ಇದ್ದವು ಚಿಗುಸ. ನಾನು ಒಳ್ಳೆಯ ಮಾಲನ್ನು ಬೇಡ ಅಂದೆ.

ಆ ರಾಗವನ್ನು ವಾಪಸ್ ಸೇರಿಸು. ಸ್ಪೀಕರ್ ಹತ್ತಿರ ನನಗೆ ಹಿಡಿದಿಟ್ಟಿರುವ ಕುರ್ಚಿಯನ್ನು ಯಾರಿಗಾದರೂ ಕೊಡು. ನಿನ್ನ ಬೆನ್ನ ಹಿಂದೆ ಒಂದು ಸ್ಟೂಲ್ ಹಾಕಿಸು, ಮಿಕ್ಸರಿನ ದೀಪಗಳು ಕಾಣುವ ಹಾಗೆ. ಕೆಂಪು ಹತ್ತಿದರೆ ತಿವಿಯುತ್ತೇನೆ, ಇಳಿಸು.