ಕೊಬ್ಬರಿ ಅಟ್ಟದ ಫೋನು

ಅಜ್ಜಂಪುರ
ಭಾನುವಾರ, 9-8-2015

ಪ್ರೀತಿಯ ಭುವನಾ,

ಹೇಗಿದ್ದೀಯ ತಾಯಿ? ಅಳಿಯಂದಿರ ಕೆಮ್ಮು ಇಳಿಯಿತೇ? ಮಂಡಿ ನೋವೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ದಾವಣಗೆರೆಯ ನಿಮ್ಮ ಮನೆಗೆ ಮಧ್ಯಾಹ್ನ ಬರುವ ಆ ಮೂಕ ಫೋನು ಇನ್ನೂ ನಿಂತಿಲ್ಲ ಎಂದು ಬರೆದಿದ್ದೀಯ. ನಿಮ್ಮ ಹಳೇ ಫೋನಿನಲ್ಲಿ ನಂಬರೂ ಕಾಣುವುದಿಲ್ಲ. ಯಾರೋ ಪೋಲಿಯ ಕೆಲಸವೇ ಇರಬೇಕು. ಆ ಕನೆಕ್ಷನ್ನೇ ತೆಗೆಸಿಬಿಡು, ಪೀಡೆ ತೊಲಗಲಿ.

ಇಲ್ಲಿ ನಮ್ಮ ಫೋನಿಗೂ ದೆವ್ವ ಹಿಡಿದಿದೆ. ನಿನ್ನ ಅತ್ತಿಗೆ ಕೋಮಲಾ ಕಂಪ್ಯೂಟರಿನಲ್ಲಿ ಪಾಠ ಹೇಳಲು ಮನೆಯ ಫೋನ್ ಲೈನಿಗೇ ನೆಟ್ ಹಾಕಿಸಿದ್ದಾಳಲ್ಲ, ಅದು ದಿನವೂ ಮಧ್ಯಾಹ್ನದ ಊಟವಾದ ಹೊತ್ತಿಗೆ ಕಡಿದುಹೋಗುತ್ತದೆ. ಪಾಠ ಅರ್ಧಕ್ಕೇ ನಿಲ್ಲುತ್ತದೆ, ಇವಳ ಮುಖ ಸಣ್ಣದಾಗುತ್ತದೆ. ನನಗೆ ಮೊದಲು ಅನುಮಾನ ಬಂದದ್ದು ಪಕ್ಕದ ಮನೆ ಪಾಪಮ್ಮನ ಮೇಲೆ. ಬಟ್ಟೆ ಒಣಗಿಸುವ ತಂತಿಯನ್ನು ನಮ್ಮ ವೈರಿಗೆ ತಾಗುವಂತೆ ಕಟ್ಟಿದ್ದಾಳೆ, ಬೇಕಂತಲೇ. ಕೇಳಿದರೆ, "ನಿಮ್ ನೆಟ್ ಕಟ್ಕೊಂಡು ನಂಗೇನಾಗ್ಬೇಕು ತೀರ್ಥಕ್ಕ" ಅಂದಳು. ಮಾಡಿದವರು ಹಾಗೇ ತಾನೇ ಅನ್ನುವುದು. ಲೈನ್‌ಮನ್ ಬಂದು ವೈರು ಬದಲಿಸಿ, ಕಾಫಿ ಕುಡಿದು ಹೋದ. ಮಾರನೇ ದಿನ ಮತ್ತೆ ಅದೇ ಕಥೆ. ಅವನ ಮೇಲೂ ನನಗೆ ನಂಬಿಕೆಯಿಲ್ಲ. ಕೊನೆಗೆ ಕೋಮಲಾ ಹಾಲಿನಲ್ಲಿದ್ದ ಫೋನನ್ನೇ ಕಿತ್ತಿಟ್ಟಳು. ಆದರೂ ಮಧ್ಯಾಹ್ನ ಮೋಡೆಮ್ಮಿನಲ್ಲಿ ಕೆಂಪು ದೀಪ. "ಅತ್ತೆ, ಇದೇ ಲೈನಲ್ಲಿ ಇನ್ನೆಲ್ಲೋ ಯಾರೋ ಫೋನ್ ಎತ್ತಾ ಇದಾರೆ. ಫಿಲ್ಟರ್ ಡಬ್ಬಿ ಹಾಕದ ಫೋನ್ ಎತ್ತಿದ್ರೆ ನೆಟ್ ಹೋಗ್ತದೆ" ಅಂದಳು.

ಆಗ ನೆನಪಾಯಿತು. ಹಿಂದೆ ನಿಮ್ಮಪ್ಪ ಅಟ್ಟದಲ್ಲಿ ಕಾಯಿ ನೋಡಿಕೊಳ್ಳುವಾಗ ವ್ಯಾಪಾರಿಗಳಿಂದ ಕೊಬ್ಬರಿ ರೇಟು ಕೇಳಲು ಮೇಲೊಂದು ಫೋನು ಎಳೆಸಿಕೊಂಡಿದ್ದರಲ್ಲ, ಅದು ಎಂದೋ ಕೆಟ್ಟುಹೋಗಿದೆ ಎಂದುಕೊಂಡಿದ್ದೆವು. ನಿನ್ನೆ ಅವರು ಊಟ ಮುಗಿಸಿ ಅಟ್ಟ ಹತ್ತಿದ ಮೇಲೆ ಹಿಂದೆಯೇ ಹೋಗಿ ಏಣಿಯಲ್ಲಿ ನಿಂತು ಇಣುಕಿದೆ. ಫೋನು ಕಿವಿಯಲ್ಲಿತ್ತು. ನನ್ನ ಬಳೆ ಸದ್ದಾಯಿತು, ತಟ್ಟನೆ ಇಟ್ಟುಬಿಟ್ಟರು. "ರೇಟ್ ಕೇಳ್ತಿದ್ದೆ ಕಣೇ" ಅಂದರು. ಈ ಸಲದ ಕೊಬ್ಬರಿ ಆಗಲೇ ಮಾರಿಯಾಗಿದೆ, ಅಟ್ಟದಲ್ಲಿ ಒಂದು ಕಾಯಿಯೂ ಇಲ್ಲ. ಯಾವ ರೇಟು? ನಿನ್ನ ಮದುವೆ ಒಪ್ಪದೆ "ಇನ್ ಅವಳ ಜೊತೆ ನಂಗೆ ಮಾತಿಲ್ಲ" ಎಂದು ಕೂತ ಮನುಷ್ಯನಿಗೆ ಈ ವಯಸ್ಸಿನಲ್ಲಿ ಕದ್ದು ಮಾತಾಡಲು ಯಾರೋ ಸಿಕ್ಕಿದ್ದಾರೆ. ನನಗೆ ಹೊಟ್ಟೆ ಉರಿಯುತ್ತಿದೆ. ನಿನಗೇನಾದರೂ ಗೊತ್ತಿದ್ದರೆ ಮುಚ್ಚಿಡಬೇಡ.

ನಿಮ್ಮಣ್ಣ ಕಾಂತರಾಜ್, ಕೋಮಲಾ ಇಬ್ಬರೂ ನಿನ್ನನ್ನು ಕೇಳಿದರು. ನಿನಗೂ ಅಳಿಯಂದಿರಿಗೂ ನನ್ನ ಆಶೀರ್ವಾದ, ತಣ್ಣಗಿರಿ.

ನಿನ್ನ ಅಮ್ಮ,
ತೀರ್ಥಮ್ಮ

ವಿ.ಸೂ.: ಸೋಮವಾರ ಸಂಜೆ ಅವಸರದಲ್ಲಿ ಬರೆಯುತ್ತಿದ್ದೇನೆ. ಕನೆಕ್ಷನ್ ತೆಗೆಸಬೇಡ. ಇವತ್ತು ಬಳೆಗಳ ಮೇಲೆ ಸೆರಗು ಸುತ್ತಿಕೊಂಡು, ಅವರಿಗಿಂತ ಮೊದಲೇ ಅಟ್ಟ ಹತ್ತಿ ಗೋಣಿಚೀಲಗಳ ಹಿಂದೆ ಕೂತಿದ್ದೆ. ಅವರು ನಂಬರ್ ಒತ್ತಿದರು. "ಹಲೋ, ಯಾರು? ಯಾಕ್ ಮಾತಾಡಲ್ಲ?" ಎಂದ ನಿನ್ನ ಧ್ವನಿ ನನಗೂ ಕೇಳಿತು. ನೀನು ಇಟ್ಟ ಮೇಲೂ ಅವರು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅಳು ತಡೆದುಕೊಳ್ಳಲು ಬಾಯಿಗೆ ಸೆರಗು ತುರುಕಿಕೊಂಡೆ. ನಿಮ್ಮಪ್ಪನಿಗೆ ತಿಳಿಯದ ಹಾಗೆ ಕೋಮಲಾ ಆ ಫೋನಿಗೂ ಫಿಲ್ಟರ್ ಹಾಕುತ್ತಾಳಂತೆ. ಇನ್ನು ಫೋನ್ ಬಂದರೆ ಯಾರು ಅನ್ನಬೇಡ ಮಗಳೇ. ಊಟ ಆಯ್ತಾ ಅಪ್ಪಾ ಅಂತ ಕೇಳು. ಉತ್ತರ ಬಾರದಿದ್ದರೂ ನೀನಾಗಿ ಇಡಬೇಡ.