ಅಲ್ಲಾಡಿಸಿದ ಬಟ್ಟಲು

ಕುವೈತ್
೧೪ ಮಾರ್ಚ್ ೧೯೯೧

ನನ್ನ ಕಣ್ಮಣಿ ಲುಲ್ವಾಗೆ ಅಪ್ಪನ ಸಲಾಮು.

ಉತ್ತರ ತಡವಾಯಿತು, ಬೈಯಬೇಡ. ಅಂಚೆಯಿಲ್ಲ, ಫೋನಿಲ್ಲ. ನೀನಿರುವ ದಮ್ಮಾಮಿನಿಂದ ನೀರು ತರುವ, ನಿನ್ನ ಕಾಗದ ತಂದ ಲಾರಿಯವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಿನ್ನ ಅಮ್ಮ ಬದುಕಿದ್ದಾಳೆ, ಅವಳ ಬೈಗುಳವೂ ಬದುಕಿದೆ. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿವೆ. ನಡುಮಧ್ಯಾಹ್ನ ಕಂದೀಲು ಹಚ್ಚಬೇಕು. ನಮ್ಮನ್ನು ಹತ್ತೊಂಬತ್ತನೆಯ ಪ್ರಾಂತ ಮಾಡಿಕೊಂಡ ಇರಾಕಿನವರು ಹೋಗುವಾಗ ಬಚ್ಚಲಿನ ನಲ್ಲಿಗಳನ್ನೂ ಕಿತ್ತುಕೊಂಡು ಹೋದರು. ತಮ್ಮದೇ ಪ್ರಾಂತದಲ್ಲಿ ಯಾರಾದರೂ ನಲ್ಲಿ ಕದಿಯುತ್ತಾರೆಯೇ?

‘ಅಪ್ಪಾ, ಮಿಶಾರಿಯನ್ನ ಹಿಡಿದುಕೊಟ್ಟವರು ಯಾರು?’ ಎಂದು ಕೇಳಿದ್ದೀಯ. ಅವನ ತಮ್ಮ, ನಿನ್ನ ಮೈದುನ ನವ್ವಾಫ್ ಕೂಡ ಅದನ್ನೇ ಕೇಳುತ್ತ ಬಂದೂಕು ಹಿಡಿದು ಬೀದಿ ಸುತ್ತುತ್ತಿದ್ದಾನೆ. ಎದುರು ಮನೆಯ ಪ್ಯಾಲೆಸ್ತೀನಿ ಮೇಷ್ಟ್ರು ಅಬೂ ರಮ್ಜಿಯೇ ಎಂದು ಅವನ ತೀರ್ಮಾನ. “ಕಾರಿಗೆ ಇರಾಕಿ ನಂಬರ್ ಪ್ಲೇಟ್ ಹಾಕಿಸ್ಕೊಂಡಿದ್ನಲ್ಲ ಮಾವ, ಇನ್ನೇನ್ ಸಾಕ್ಷಿ ಬೇಕು?” ಎನ್ನುತ್ತಾನೆ. ಹಾಕಿಸಿದ್ದರು, ನಿಜ. ಪ್ಲೇಟಿಲ್ಲದೆ ಪೆಟ್ರೋಲಿಲ್ಲ, ಆ ಪೆಟ್ರೋಲಿನಲ್ಲೇ ನಮ್ಮ ಬೀದಿಗೆಲ್ಲ ಹಿಟ್ಟು ತಂದರು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

ನಡೆದದ್ದನ್ನು ಹೇಳುತ್ತೇನೆ, ಮನಸ್ಸು ಗಟ್ಟಿ ಮಾಡಿಕೊ. ನೀನು ಮಕ್ಕಳೊಂದಿಗೆ ಗಡಿ ದಾಟಿದ ಮೇಲೆ ಮಿಶಾರಿ ನಮ್ಮ ಮನೆಯಲ್ಲಿ ಸುಬ್ಹಿ ಎಂಬ ಈಜಿಪ್ಟಿನ ಡ್ರೈವರ್ ಆದ. ವಾಯುಪಡೆಯವನೆಂದು ತಿಳಿದರೆ ಉಳಿಸುತ್ತಿರಲಿಲ್ಲ. ಗಡ್ಡ ಬೋಳಿಸಿದ, ಕೈರೋ ಮಾತು ಕಲಿತ, “ಏನಪ್ಪಣೆ ಸಾಹುಕಾರ್ರೇ?” ಎಂದು ನನ್ನನ್ನೇ ಕಾಡಿಸುತ್ತಿದ್ದ.

ಅಕ್ಟೋಬರಿನಲ್ಲಿ ಒಬ್ಬ ಇರಾಕಿ ಅಧಿಕಾರಿ ಮನೆ ಶೋಧಿಸಲು ಬಂದ. ಏನೂ ಸಿಗದೆ, ಗಂಡಸರು ಕೂಡುವ ದಿವಾನಿಯಾದ ಮೆತ್ತೆಯ ಮೇಲೆ ಕೂತ. ಹಗೆಯೇ ಆದರೂ ಹೊಸ್ತಿಲು ದಾಟಿ ಬಂದವನಿಗೆ ಕಾಫಿ ಕೊಡದಿರುವುದು ನನ್ನಿಂದಾಗಲಿಲ್ಲ. “ಏ ಡ್ರೈವರ್, ನೀನೂ ಕುಡಿಯೋ” ಎಂದ ಅಧಿಕಾರಿ. ಮಿಶಾರಿ ಕುಡಿದ. ರೂಢಿಯಂತೆ ನಾನು ಮತ್ತೆ ಸುರಿಯಲು ಬಾಗಿದೆ. ಅವನೂ ರೂಢಿಯಂತೆ, ಸಾಕೆಂದು ಬಟ್ಟಲನ್ನು ಅಲ್ಲಾಡಿಸಿದ, ನಮ್ಮ ಗಂಡಸರೆಲ್ಲ ಅಲ್ಲಾಡಿಸುವ ಹಾಗೆ.

ಅಧಿಕಾರಿ ನಕ್ಕ. “ಕೈರೋದಲ್ಲಿ ಇದನ್ನ ಯಾರು ಹೇಳ್ಕೊಟ್ರೋ ನಿಂಗೆ?”

ಎಳೆದೊಯ್ದರು. ಕೆಲವು ದಿನಗಳ ಮೇಲೆ ತಂದು, ನಮ್ಮನ್ನೆಲ್ಲ ಹೊರಗೆ ಕರೆದು, ಬಾಗಿಲ ಮುಂದೆ ಮಂಡಿಯೂರಿಸಿದರು. ಬೆರಳುಗಳಲ್ಲಿ ಉಗುರಿರಲಿಲ್ಲ. ಒಂದು ಕಣ್ಣು ಮುಚ್ಚಿಹೋಗಿತ್ತು. “ಮಾವ, ಮಕ್ಕಳಿಗೆ…” ಎನ್ನುವಷ್ಟರಲ್ಲಿ ತಲೆಗೆ ಗುಂಡು ಹೊಡೆದರು. ಹೆಣ ಮುಟ್ಟಬಾರದೆಂದು ಕಾವಲು ಹಾಕಿದರು. ನೊಣ ಓಡಿಸಲು ಹೋದ ನಿನ್ನ ಅಮ್ಮನನ್ನು ಬಂದೂಕಿನ ಹಿಡಿಯಿಂದ ಬಡಿದು ಬೀಳಿಸಿದರು. ಸಂಜೆ ಅವರು ಹೋದ ಮೇಲೆ ಅವನನ್ನು ನನ್ನ ಜೊತೆ ಹೊತ್ತವರು ಅಬೂ ರಮ್ಜಿ. ಬೀದಿಯ ಬೇರೆ ಬಾಗಿಲುಗಳು ತೆರೆಯಲಿಲ್ಲ.

ಹಿಡಿದುಕೊಟ್ಟವರು ಯಾರೂ ಇಲ್ಲ, ಮಗಳೇ. ನವ್ವಾಫ್ ನನಗೆ ಅರಳುಮರಳು ಅನ್ನುತ್ತಾನೆ. ನಿನ್ನ ಮಾತು ಮೀರಲಾರ. ಮೇಷ್ಟ್ರನ್ನು ಬಿಡು ಎಂದು ಎರಡು ಸಾಲು ಬರೆದು ಇದೇ ಲಾರಿಯಲ್ಲಿ ಕಳಿಸು. ನಿನಗೆ ಮಗ್ಗಿ ಕಲಿಸಿದವರು ಅವರು.

ಮಕ್ಕಳನ್ನು ದೇವರು ಕಾಯಲಿ, ನಿನ್ನ ಕಣ್ಣೀರನ್ನು ಅವನೇ ಒರೆಸಲಿ.

ನಿನ್ನ ಅಪ್ಪ,
ಈಸಾ

ಲಾರಿ ಇನ್ನೂ ಹೊರಟಿಲ್ಲ, ಅದಕ್ಕೇ ಇಷ್ಟು ಸೇರಿಸುತ್ತಿದ್ದೇನೆ. ಈಗಷ್ಟೇ ನವ್ವಾಫ್ ಬಂದ. ತೋಳೆಲ್ಲ ರಕ್ತ. “ಮುಗಿಸ್ಬಿಟ್ಟೆ ಮಾವ. ಅವನನ್ನ ಬಿಡ್ಬೇಡ ಅಂತ ಅತ್ತಿಗೆನೇ ಲಾರಿಯವನ ಕೈಲಿ ಹೇಳ್ಕಳಿಸಿದ್ರಲ್ಲ” ಎಂದ. ಹೊರಗೆ ಓಡಿದೆ. ಮೇಷ್ಟ್ರು ತಮ್ಮ ಬಾಗಿಲ ಮುಂದೆ ಬಿದ್ದಿದ್ದರು. ಅವರ ಹೆಂಡತಿಯನ್ನು ಹತ್ತಿರ ಬಿಡದೆ ಕಾವಲು ನಿಂತವರು ನಮ್ಮವರೇ. ಒಳಗೆ ನವ್ವಾಫ್ ಕಾಫಿಗೆ ಕಾದು ಕೂತಿದ್ದ. ಹಗೆಗೆ ಸುರಿದ ಕೈ ಇವನಿಗೆ ಏಳಲಿಲ್ಲ. ಮಗಳೇ, ನೀನು ಹಾಗೆ ಹೇಳಿಕಳಿಸಿದ್ದು ನಿಜವಾದರೆ, ಊರಿಗೆ ಬಂದಾಗ ಮೊದಲು ಎದುರು ಮನೆಯ ಹೊಸ್ತಿಲು ದಾಟು, ಆಮೇಲೆ ನನ್ನದು.